ಗಾಳಿಗೆ ನಿಲ್ಲುವ ಮಾಡು

ಚಳ್ಳಕೆರೆ ತಾಲ್ಲೂಕಿನ ನನ್ನಿವಾಳವು ಅಪ್ಪಟ ಬಯಲುಸೀಮೆಯ ಊರು. ಮ್ಯಾಸಬೇಡರ ಕಟ್ಟೆಮನೆಗಳಲ್ಲಿ ಒಂದೆಂದು ಅದು ಹೆಸರಾಗಿದೆ. ಈ ಸೀಮೆಯಲ್ಲಿ ಮಳೆಗೆ ಬರವುಂಟು, ಗಾಳಿಗೆ ಬರವಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳೇ ಅದಕ್ಕೆ ಸಾಕ್ಷಿ. ಮುಂಗಾರಿನ ಮೊದಲ ಬಿರುಗಾಳಿಯು ಸಡಿಲವಾದ ತಗಡಿನ ಅಂಚೊಂದನ್ನು ಹಿಡಿಯಿತೆಂದರೆ ಇಡೀ ತಗಡನ್ನೇ ಕಾಗದದಂತೆ ಎತ್ತಿ ಒಗೆಯಬಲ್ಲದು. ಹಾಗೆ ಹಾರಿದ ತಗಡು ದಾರಿಹೋಕರಿಗೂ ರೊಪ್ಪದ ಕುರಿಗಳಿಗೂ ಪ್ರಾಣಾಪಾಯವನ್ನು ತರುತ್ತದೆ. ಆದುದರಿಂದ ತಗಡನ್ನು ಬಿಗಿಯುವ ತಿರುಪುಮೊಳೆಯು ಬೆರಳುದ್ದದ್ದಾದರೂ ಅದರ ಹೊಣೆ ಚಿಕ್ಕದಲ್ಲ.

ಈಗ ಇಂತಹ ಮಾಡುಗಳನ್ನು ಹೊದಿಸುವ ಕೆಲಸಗಾರರ ಕೈಯಲ್ಲಿ ಇಂಪ್ಯಾಕ್ಟ್ ಡ್ರೈವರ್ ಎಂಬ ಸಾಧನವು ಕಾಣುತ್ತದೆ. ಅದು ಬ್ಯಾಟರಿಯಿಂದ ನಡೆಯುವ ತಿರುಪುಳಿ. ತಂತಿಯ ಹಂಗಿಲ್ಲದ ಕೊರೆಯುವ ಯಂತ್ರವನ್ನು ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಸಂಸ್ಥೆಯು 1961ರಲ್ಲಿ ಹೊರತಂದಿತು. ಹತ್ತೇ ವರ್ಷಗಳಲ್ಲಿ ಅಂತಹ ಸಾಧನವು ಚಂದ್ರನನ್ನೂ ಮುಟ್ಟಿತು. 1971ರಲ್ಲಿ ಅಪೋಲೋ 15ರ ಯಾತ್ರಿಕರು ಬ್ಯಾಟರಿಯ ಯಂತ್ರದಿಂದ ಚಂದ್ರನ ನೆಲವನ್ನು ಕೊರೆದರು. ಕೊರೆಗೊಳವೆಯು ಮಣ್ಣಿನಲ್ಲಿ ಕಚ್ಚಿಕೊಂಡಾಗ ಅದನ್ನು ಹೊರಗೆಳೆಯಲು ಇಬ್ಬರೂ ಬಹಳ ಶ್ರಮಪಡಬೇಕಾಯಿತು. ಕೊರೆಯುವ ಕೆಲಸವು ಎಲ್ಲಿ ನಡೆದರೂ ಹಟಮಾರಿಯೇ!

ಸಾಮಾನ್ಯ ಕೊರೆಯಂತ್ರದಲ್ಲಿ ಮೋಟಾರಿನ ತಿರುಗುವಿಕೆಯು ನೇರವಾಗಿ ತುದಿಗೆ ಸಾಗುತ್ತದೆ. ತುದಿ ಕಚ್ಚಿಕೊಂಡರೆ ಯಂತ್ರವೇ ತಿರುಗಿ ಮಣಿಕಟ್ಟನ್ನು ತಿರುಚುತ್ತದೆ. ಇಂಪ್ಯಾಕ್ಟ್ ಡ್ರೈವರಿನ ರಚನೆ ಬೇರೆ. ಅದರೊಳಗೆ ಉಕ್ಕಿನ ಒಂದು ಸುತ್ತಿಗೆ, ಅದರ ಹಿಂದೆ ಬಲವಾದ ಸುರುಳಿ ಸ್ಪ್ರಿಂಗು, ಮುಂದೆ ಒಂದು ಅಡಿಗಲ್ಲು ಇರುತ್ತವೆ. ತಿರುಪು ಹಗುರವಾಗಿ ಇಳಿಯುವವರೆಗೆ ಮೂರೂ ಒಂದಾಗಿ ತಿರುಗುತ್ತವೆ. ತಡೆ ಹೆಚ್ಚಿದೊಡನೆ ಸುತ್ತಿಗೆಯು ಸ್ಪ್ರಿಂಗನ್ನು ಒತ್ತಿಕೊಂಡು ಹಿಂದೆ ಸರಿದು, ಅಡಿಗಲ್ಲಿನ ಹಿಡಿತದಿಂದ ಬಿಡಿಸಿಕೊಂಡು, ಮರುಕ್ಷಣವೇ ಮುಂದೆ ಚಿಮ್ಮಿ ಅದರ ಪಕ್ಕಕ್ಕೆ ಬಡಿಯುತ್ತದೆ. ಇಂತಹ ಪೆಟ್ಟುಗಳು ನಿಮಿಷಕ್ಕೆ ಮೂರು ಸಾವಿರಕ್ಕೂ ಮಿಕ್ಕಿ ಬೀಳುತ್ತವೆ. ಪೆಟ್ಟು ಬೀಳುವುದು ಮುಂದಕ್ಕಲ್ಲ, ತಿರುಗುವ ದಿಕ್ಕಿನಲ್ಲಿ. ಕಚ್ಚಿಕೊಂಡ ಬೋಲ್ಟನ್ನು ಬಿಚ್ಚಲು ಮೆಕ್ಯಾನಿಕನು ಸ್ಪ್ಯಾನರಿನ ಹಿಡಿಯ ತುದಿಗೆ ಸುತ್ತಿಗೆಯಿಂದ ಹೊಡೆಯುವುದೂ ಇದೇ ತತ್ತ್ವದಿಂದ. ಆದುದರಿಂದಲೇ ಯಂತ್ರವು ಬಲಶಾಲಿಯಾದರೂ ಕೈಗೆ ತಿರುಚಿನ ನೋವು ಕಡಿಮೆ.

ಆದರೆ ಕೈಗೆ ತಿಳಿಯದ ಬಲವೇ ಅಪಾಯಕ್ಕೂ ಕಾರಣ. ತಗಡಿನ ತಿರುಪುಮೊಳೆಯ ತಲೆಯ ಕೆಳಗೆ ರಬ್ಬರಿನ ವಾಷರ್ ಇರುತ್ತದೆ. ಮಳೆನೀರನ್ನು ತಡೆಯುವುದು ಅದರ ಕೆಲಸ. ಗುಂಡಿಯನ್ನು ಒತ್ತಿ ಹಿಡಿದೇ ಇದ್ದರೆ ರಬ್ಬರು ಹೊರಗೆ ಚಿಪ್ಪಿ ಹರಿಯುತ್ತದೆ, ತಗಡು ತಗ್ಗಾಗುತ್ತದೆ, ಕೆಲವೊಮ್ಮೆ ಮೊಳೆಯ ಕುತ್ತಿಗೆಯೇ ಮುರಿಯುತ್ತದೆ. ಸಡಿಲ ಬಿಟ್ಟರೆ ಗಾಳಿಗೆ ದಾರಿಯಾಗುತ್ತದೆ. ಅನುಭವಿಯು ಗುಂಡಿಯನ್ನು ಮೆಲ್ಲನೆ ಒತ್ತಿ, ಮೊಳೆಯನ್ನು ತಗಡಿಗೆ ನೇರವಾಗಿ ಹಿಡಿದು, ವಾಷರ್ ತುಸು ಅದುಮಿಕೊಂಡೊಡನೆ ಬೆರಳನ್ನು ತೆಗೆಯುತ್ತಾನೆ. ಈ ಅಳತೆಯು ಪುಸ್ತಕದಿಂದ ಬರುವುದಿಲ್ಲ. ಬೇಡವಾದ ತುಂಡು ತಗಡಿನ ಮೇಲೆ ಹತ್ತಾರು ಮೊಳೆಗಳನ್ನು ಕೆಡಿಸಿಯೇ ಕಲಿಯಬೇಕು.

ಯಂತ್ರದ ಬಾಯಿಗೆ ಆರು ಮೂಲೆಯ ಕಾಲುಳ್ಳ ತುದಿಗಳೇ ಸೇರುತ್ತವೆ. ಪೆಟ್ಟನ್ನು ತಾಳಲೆಂದೇ ಮಾಡಿದ ತುದಿಗಳನ್ನು ಬಳಸಬೇಕು. ಕೈಸ್ಪ್ಯಾನರಿಗೆಂದು ಮಾಡಿದ ಹೊಳೆಯುವ ಸಾಕೆಟ್ಟು ಒಡೆದು ಚೂರುಗಳು ಸಿಡಿಯಬಹುದು. ತುದಿಯನ್ನು ಬದಲಿಸುವ ಮೊದಲು ಬ್ಯಾಟರಿಯನ್ನು ಕಳಚಬೇಕು. ಏಣಿ ಹತ್ತುವಾಗ, ದಿಕ್ಕು ಬದಲಿಸುವ ಕೀಲನ್ನು ನಡುವೆ ನಿಲ್ಲಿಸಿದರೆ ಗುಂಡಿಯು ಒತ್ತಲ್ಪಡುವುದಿಲ್ಲ. ಉಕ್ಕಿನ ಸಿಡಿಚೂರುಗಳಿಂದ ಕಣ್ಣನ್ನು ಕಾಯಲು ಕನ್ನಡಕವು, ಕರ್ಕಶ ಸದ್ದಿನಿಂದ ಕಿವಿಯನ್ನು ಕಾಯಲು ಮುಚ್ಚಳವು ಅಗತ್ಯ. ಹೆಗಲ ಮೇಲಿನ ಟವಲು ಬಿಸಿಲಿಗೆ ಹಿತವೆನಿಸಿದರೂ ತಿರುಗುವ ತುದಿಯ ಬಳಿ ಅದು ಶತ್ರು. ಅದನ್ನು ಕೆಳಗಿಟ್ಟೇ ಮೇಲೇರಬೇಕು. ಗಾಳಿ ಎದ್ದ ಹೊತ್ತಿನಲ್ಲಂತೂ ಮಾಡಿನ ಮೇಲೆ ತಗಡನ್ನು ಎತ್ತಲೇಬಾರದು.

ಬ್ಯಾಟರಿಯು ಲಿಥಿಯಂ ಅಯಾನ್ ಜಾತಿಯದು. ಹದಿನೆಂಟು ವೋಲ್ಟಿನ ಬ್ಯಾಟರಿಯಲ್ಲಿ 3.6 ವೋಲ್ಟಿನ ಐದು ಕೋಶಗಳು ಒಂದರ ಹಿಂದೊಂದು ಜೋಡಣೆಗೊಂಡಿರುತ್ತವೆ. ಈ ಕೋಶಗಳನ್ನು ರೂಪಿಸಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೋ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಅತಿಯಾದ ಕಾವು ಇವಕ್ಕೆ ಆಗದು. ಬೇಸಿಗೆಯ ನಡುಹಗಲಲ್ಲಿ ಕಾದ ತಗಡಿನ ಮೇಲೆ ಬ್ಯಾಟರಿಯನ್ನು ಇಡುವುದು, ಬಿಸಿಯಾಗಿರುವಾಗಲೇ ಚಾರ್ಜಿಗೆ ಹಾಕುವುದು, ಊದಿಕೊಂಡದ್ದನ್ನು ಮತ್ತೆ ಬಳಸುವುದು ಬೆಂಕಿಗೆ ಆಹ್ವಾನವಿತ್ತಂತೆ. ಬೇವಿನ ನೆರಳಲ್ಲಿ ಅರೆಗಳಿಗೆ ಆರಿಸಿ ಆಮೇಲೆ ಚಾರ್ಜು ಮಾಡಬೇಕು.

ಕೆಲಸ ಮುಗಿದ ಮೇಲೆ ಮಾಡಿನ ಮೇಲುಳಿದ ಉಕ್ಕಿನ ಪುಡಿಯನ್ನು ಪೊರಕೆಯಿಂದ ಗುಡಿಸಿ ತೆಗೆಯಬೇಕು. ಬಿಟ್ಟರೆ ಮೊದಲ ಮಳೆಗೇ ಅದು ತುಕ್ಕಾಗಿ ತಗಡನ್ನು ತಿನ್ನತೊಡಗುತ್ತದೆ. ನೆಲಕ್ಕೆ ಉದುರಿದ ಮೊಳೆಗಳನ್ನು ಅಯಸ್ಕಾಂತದಿಂದ ಆಯ್ದುಕೊಳ್ಳುವುದು ಸುಲಭ. ಸಂಜೆ ಕುರಿಗಳು ರೊಪ್ಪಕ್ಕೆ ಮರಳುವ ಮುನ್ನವೇ ಅದು ಮುಗಿದಿರಬೇಕು.