ಅಟ್ಟದ ಮೇಲಿನ ಬಂದೂಕು

ಸದಸ್ಯ ಬಾಂಧವರಲ್ಲಿ ಹಲವರು ಸಂಘದ ಕಚೇರಿಗೆ ಬಂದಾಗ ಮೊದಲು ಕಾಡುಹಂದಿಯ ಮಾತು ತೆಗೆಯುತ್ತಾರೆ. ಆಮೇಲೆ ದನಿ ತಗ್ಗಿಸಿ, "ಅಪ್ಪನ ಕಾಲದ ಬಂದೂಕೊಂದು ಮನೆಯಲ್ಲಿದೆ, ಏನು ಮಾಡುವುದು?" ಎನ್ನುತ್ತಾರೆ. ಅಬಲೂರಿನ ಸುತ್ತ ಗೋವಿನಜೋಳದ ಹೊಲಗಳ ನಡುವೆ ಅಡಿಕೆ ಸಸಿ ನೆಟ್ಟ ನಮಗೆಲ್ಲ ಹಂದಿಯ ಕಾಟ ಗೊತ್ತೇ ಇದೆ. ಬಂದೂಕಿನ ಕಾನೂನು ಮಾತ್ರ ಸರಿಯಾಗಿ ಗೊತ್ತಿಲ್ಲ.

ಬಂದೂಕಿನ ದಾಖಲಾತಿ ಎಂದರೆ ಅಂಜುವುದಕ್ಕೆ ನಮ್ಮ ಸೀಮೆಯಲ್ಲಿ ಹಳೆಯ ಕಾರಣವೂ ಉಂಟು. 1857ರಲ್ಲಿ ಕಂಪನಿ ಸರಕಾರವು ಜನರು ಆಯುಧಗಳನ್ನು ಒಪ್ಪಿಸಬೇಕು, ಇಟ್ಟುಕೊಳ್ಳುವವರು ಪರವಾನಗಿ ಪಡೆಯಬೇಕು ಎಂದು ಕಾಯ್ದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಊರಿನ ಮೇಲೆ ಬಿತ್ತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಕೊಡಗಿನ ಕಥೆ ಬೇರೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರು ಕೊಡಗರಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಮುಂದುವರಿದಿದೆ. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರ ತನಕ ವಿಸ್ತರಿಸಿತು, 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಆದುದರಿಂದ "ಮಡಿಕೇರಿಯಲ್ಲಿ ಯಾರೂ ಲೈಸೆನ್ಸು ಕೇಳುವುದಿಲ್ಲವಂತೆ" ಎಂದು ಹೇಳುವವರು ಅದು ನಮಗೆ ಅನ್ವಯಿಸದು ಎಂಬುದನ್ನು ಗಮನಿಸಬೇಕು.

ಈಗಿನ 1959ರ ಆಯುಧ ಕಾಯ್ದೆ ರೈತನಿಗೆ ಶತ್ರುವಲ್ಲ. ನಿಜವಾಗಿ ಬೆಳೆ ರಕ್ಷಣೆಗೆಂದು ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು ಕೇಳಿದರೆ, ನಿರಾಕರಿಸಲು ಕಾಯ್ದೆಯಲ್ಲಿ ಹೇಳಿದ ಕಾರಣವಿಲ್ಲದಿದ್ದರೆ ಲೈಸೆನ್ಸು ಕೊಡತಕ್ಕದ್ದು ಎಂದು 13ನೆಯ ಕಲಮಿನಲ್ಲಿದೆ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಬಂದೂಕಿಗೂ ಅವಕಾಶವಿದೆ. ನಿರಾಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಕೇಳಿ ಪಡೆಯಬಹುದು, ಮೇಲ್ಮನವಿಯನ್ನೂ ಸಲ್ಲಿಸಬಹುದು.

ತೊಡಕು ಬರುವುದು ಲೈಸೆನ್ಸುದಾರರು ತೀರಿಕೊಂಡ ಮೇಲೆ. ನಾವೇ ಈ ತಪ್ಪು ಮಾಡಿದವರು. ನಮ್ಮ ತಂದೆಯವರು ಕಾಲವಾದಾಗ ಅವರ ಒಂಟಿ ನಳಿಗೆಯ ಬಂದೂಕನ್ನು ಅಟ್ಟದ ಮೇಲೆ ಗೋಣಿಚೀಲದಲ್ಲಿ ಸುತ್ತಿಟ್ಟೆವು. ಕರ್ಮಾಂತರ, ಖಾತೆ ಬದಲಾವಣೆ, ಅಡಿಕೆ ಕೊಯ್ಲು ಎಂದು ಎರಡು ವರ್ಷ ಕಳೆಯಿತು. ಪದವಿ ಓದಿದ ನಾವು, ಮಂದಿಗೆ ಅರ್ಜಿ ಬರೆದುಕೊಡುವ ನಾವು, ಹೊಲಮನೆಯಂತೆ ಬಂದೂಕೂ ವಾರಸಿಗೆ ಬರುತ್ತದೆ ಎಂದೇ ತಿಳಿದಿದ್ದೆವು. ಲೈಸೆನ್ಸು ಹಾಗೆ ಬರುವುದಿಲ್ಲ. 21ನೆಯ ಕಲಮಿನಂತೆ ವಿಳಂಬ ಮಾಡದೆ ಬಂದೂಕನ್ನು ಹತ್ತಿರದ ಠಾಣೆಯಲ್ಲೋ ಪರವಾನಗಿ ಪಡೆದ ವ್ಯಾಪಾರಿಯಲ್ಲೋ ಇಡಬೇಕು. ಇಡದಿದ್ದರೆ, 2019ರ ತಿದ್ದುಪಡಿಯ ನಂತರ ಶಿಕ್ಷೆ ಸಾಮಾನ್ಯವಾಗಿ ಎರಡರಿಂದ ಐದು ವರ್ಷ ಜೈಲು ಮತ್ತು ದಂಡ. ಇದನ್ನು ಓದಿದ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮರುದಿನ ಹಳೆಯ ಲೈಸೆನ್ಸು ಪುಸ್ತಕ, ಮರಣ ಪತ್ರ ಹಿಡಿದು ಠಾಣೆಗೆ ಹೋದೆವು. ಅಧಿಕಾರಿ ಬೈದರು, ರಸೀದಿಯನ್ನೂ ಕೊಟ್ಟರು. ಆಮೇಲೆ ವಾರಸುದಾರರೆಂದು ನಮ್ಮ ಹೆಸರಿನಲ್ಲಿ ಅರ್ಜಿ ಹಾಕಿದೆವು; ಉಳಿದ ವಾರಸುದಾರರ ಒಪ್ಪಿಗೆಗಾಗಿ ಹುಬ್ಬಳ್ಳಿಯ ತಂಗಿಯ ಮನೆಗೆ ಎರಡು ಸಲ ಓಡಾಡಿದ್ದಾಯಿತು.

ತಂದೆ ಬದುಕಿರುವಾಗಲೇ ಇದನ್ನು ಮಾಡಬಹುದು. 2016ರ ಆಯುಧ ನಿಯಮಗಳಂತೆ ಲೈಸೆನ್ಸುದಾರರಿಗೆ 70 ವರ್ಷ ತುಂಬಿದ್ದರೆ, ಇಲ್ಲವೇ ಬಂದೂಕು 25 ವರ್ಷ ಅವರಲ್ಲಿದ್ದರೆ, ವಾರಸುದಾರರು ತಮ್ಮ ಹೆಸರಿಗೆ ಕೇಳಿಕೊಳ್ಳಬಹುದು.

ಲೈಸೆನ್ಸು ಇದ್ದವರು ಅವಧಿ ಮುಗಿಯುವ ಎರಡು ತಿಂಗಳು ಮುಂಚೆಯೇ ನವೀಕರಣಕ್ಕೆ ಕೊಡಿ. ಚುನಾವಣೆಯಲ್ಲಿ ಠೇವಣಿ ಇಡಲು ಆದೇಶ ಬಂದರೆ ರಸೀದಿ ಪಡೆಯಿರಿ. ಹೆಸರು ದಾಖಲಾಗದ ತೋಟದಾಳಿನ ಕೈಗೆ ಬಂದೂಕು ಕೊಟ್ಟು ಕಾವಲಿಗೆ ಕಳಿಸಬೇಡಿ. ಇನ್ನೊಂದು ಮಾತು: ಬಂದೂಕಿನ ಲೈಸೆನ್ಸು ಹಂದಿ ಕೊಲ್ಲುವ ಲೈಸೆನ್ಸಲ್ಲ. ಅದಕ್ಕೆ 1972ರ ವನ್ಯಜೀವಿ ಕಾಯ್ದೆಯಂತೆ ಅರಣ್ಯ ಇಲಾಖೆಯ ಲಿಖಿತ ಅಪ್ಪಣೆ ಬೇರೆಯೇ ಬೇಕು.

ಅಟ್ಟದ ಮೇಲೆ ಹಳೆಯ ಬಂದೂಕು ಇರುವವರು ಲೈಸೆನ್ಸು ಪುಸ್ತಕ, ಮರಣ ಪತ್ರ, ಪಹಣಿ ಪ್ರತಿ ತೆಗೆದುಕೊಂಡು ಕಚೇರಿಗೆ ಬರಲಿ. ಅರ್ಜಿ ನಾವು ಬರೆದುಕೊಡುತ್ತೇವೆ, ಠಾಣೆಗೂ ಜೊತೆಗೆ ಬರುತ್ತೇವೆ. ಬಂದೂಕನ್ನು ಮಾತ್ರ ಸಂಘದ ಕಚೇರಿಗೆ ತರಬೇಡಿ.