ಮಳೆಗಾಲದ ಬೀಗ

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮದೊಂದು ಹೋಮ್‌ಸ್ಟೇ ಇದೆ. ನಾವಿರುವುದು ಮೈಸೂರಿನಲ್ಲಿ. ಕೀಲಿ ಕೊಡಲು ಓಡಾಡುವುದು ತಪ್ಪಲಿ ಎಂದು ಸ್ಮಾರ್ಟ್ ಲಾಕ್ ಹಾಕಿಸಿದೆವು. ವರ್ಷವಿಡೀ ಬರುತ್ತದೆ ಎಂದಿದ್ದ ಸೆಲ್‌ಗಳು ಮಳೆಗಾಲದಲ್ಲಿ ಎರಡೇ ತಿಂಗಳಿಗೆ ಮುಗಿಯುತ್ತಿವೆ. ಮೊನ್ನೆ ರಾತ್ರಿ ಪುಟ್ಟ ಮಗುವನ್ನು ಎತ್ತಿಕೊಂಡ ದಂಪತಿ ಮಳೆಯಲ್ಲಿ ಹೊರಗೇ ನಿಂತಿದ್ದರು. ಅಂದಿನಿಂದ ಅತಿಥಿಗಳು ಬರುವ ದಿನ ನನಗೆ ನಿದ್ದೆಯಿಲ್ಲ. ಹಳೆಯ ಬೀಗವೇ ಸಾಕು ಎನ್ನುತ್ತಾರೆ ಮನೆಯವರು. ಏನು ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ಬೀಗ ಕಿತ್ತುಹಾಕಬೇಡಿ, ತಾಯಿ. ನಿಮ್ಮ ನಿದ್ದೆ ಕೆಡಿಸಿರುವುದು ಹೊರಗುಳಿದವರ ಚಿಂತೆ. ಮೊದಲು ಅದಕ್ಕೆ ದಾರಿ ಮಾಡೋಣ. ಬೀಗದ ಜೊತೆ ಬಂದ ಲೋಹದ ಕೀಲಿ ಮೈಸೂರಿನ ಬೀರುವಿನಲ್ಲಿದ್ದರೆ ಇಂದೇ ತೋಟದ ಮೇಸ್ತ್ರಿಗೋ ಪಕ್ಕದ ಮನೆಗೋ ತಲುಪಿಸಿ. ಬೀಗದ ಹೊರಭಾಗದ ಕೆಳಗೆ ಎರಡು ಲೋಹದ ಚುಕ್ಕೆಗಳಿವೆಯೇ ನೋಡಿ. ಇದ್ದರೆ ಅಲ್ಲಿಗೆ 9 ವೋಲ್ಟಿನ ಬ್ಯಾಟರಿ ಒತ್ತಿ ಹಿಡಿದು, ಬಿಡದೆ ಪಿನ್ ಒತ್ತಬೇಕು. ಕೆಲವು ಬೀಗಗಳಲ್ಲಿ ಅದರ ಬದಲು ಪವರ್ ಬ್ಯಾಂಕ್ ಚುಚ್ಚುವ ಯುಎಸ್‌ಬಿ ಕಿಂಡಿ ಇರುತ್ತದೆ. ಆ ಬ್ಯಾಟರಿಯೋ ಪವರ್ ಬ್ಯಾಂಕೋ ಮನೆಯ ಹೊರಗೆ, ನೆನೆಯದ ಜಾಗದಲ್ಲಿರಲಿ.

ಇನ್ನು ಮಳೆಗಾಲದಲ್ಲೇ ಹೀಗಾಗುತ್ತದೆ ಎಂದಿದ್ದೀರಲ್ಲ, ನನ್ನ ಅನುಮಾನ ಬಾಗಿಲಿನ ಮೇಲೆ. ಕೊಡಗಿನ ಮಳೆಗೆ ಮರ ತೇವ ಕುಡಿದು ಉಬ್ಬುತ್ತದೆ. ಬೀಗದ ನಾಲಗೆ ಚೌಕಟ್ಟಿನ ತೂತಿಗೆ ನೇರವಾಗಿ ಕೂರದೆ ಉಜ್ಜುತ್ತದೆ. ಅದನ್ನು ತಳ್ಳಲು ಒಳಗಿನ ಮೋಟಾರು ಹೆಣಗಿದಷ್ಟೂ ಸೆಲ್ ಬೇಗ ಬರಿದಾಗುತ್ತದೆ. ಬಾಗಿಲು ತೆರೆದಿಟ್ಟು ಒಮ್ಮೆ, ಮುಚ್ಚಿ ಒಮ್ಮೆ ಬೀಗ ಹಾಕಿ ಕಿವಿಗೊಡಿ. ಮುಚ್ಚಿದಾಗ ಮೋಟಾರು ತಿಣುಕಿದರೆ ಬಡಗಿಯನ್ನು ಕರೆಸಿ. ಮಳೆಯಲ್ಲಿ ಬಾಗಿಲನ್ನೇ ಹೆಚ್ಚು ಕೀಸಿಸಬೇಡಿ, ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಸಡಿಲಾದ ತಿರುಗಣಿ ಬಿಗಿಸಿ, ಚೌಕಟ್ಟಿನ ತಗಡಿನ ತೂತನ್ನು ಅರದಿಂದ ತುಸು ಅಗಲಿಸಿದರೆ ಸಾಕಾದೀತು. ಮಳೆ ಹೋಗಿ ಮರ ಒಣಗಿದ ಮೇಲೆ ಬಾಗಿಲಿನ ಮೇಲಂಚು, ಕೆಳಂಚಿಗೂ ವಾರ್ನಿಷ್ ಹೊಡೆಸಿ. ಕಣ್ಣಿಗೆ ಬೀಳದ ಆ ಅಂಚುಗಳನ್ನು ಬಹಳ ಮಂದಿ ಬಿಟ್ಟುಬಿಡುತ್ತಾರೆ. ನೀರು ಹೆಚ್ಚಾಗಿ ಹೀರುವುದು ಅಲ್ಲಿಂದಲೇ.

ಬೀಗ ವೈಫೈನದ್ದಾಗಿದ್ದರೆ ಸಿಗ್ನಲ್ ಕೂಡ ನೋಡಿ. ಅದು ದುರ್ಬಲವಿದ್ದರೆ ಬೀಗ ಮತ್ತೆ ಮತ್ತೆ ಹುಡುಕುತ್ತಾ ಚಾರ್ಜ್ ತಿನ್ನುತ್ತದೆ.

ಗೋಡೆ ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಇದಕ್ಕೆ ಬೇಡ, ಮೋಟಾರು ಎಳೆಯುವಷ್ಟು ಕರೆಂಟು ಕೊಡಲು ಅದಕ್ಕೆ ಆಗದು. ಕಂಪನಿ ಬೇರೇನನ್ನೂ ಹೇಳಿಲ್ಲವಾದರೆ ಆಲ್ಕಲೈನ್ ಹಾಕಿ. ರೀಚಾರ್ಜ್ ಮಾಡುವ ಸಾಮಾನ್ಯ ಸೆಲ್ ಕೊಡುವುದು 1.5ರ ಬದಲು 1.2 ವೋಲ್ಟ್, ಹಾಗಾಗಿ ಬೀಗ ತೋರಿಸುವ ಚಾರ್ಜಿನ ಲೆಕ್ಕ ತಪ್ಪುತ್ತದೆ. ಹಳೆಯದು ಹೊಸದು ಬೆರೆಸದೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಆ್ಯಪಿನ ಎಚ್ಚರಿಕೆಗೆ ಕಾಯದೆ ಮೇ ಕೊನೆಗೊಮ್ಮೆ, ಡಿಸೆಂಬರ್ ರಜೆಯ ಮುಂಚೆ ಒಮ್ಮೆ ಬದಲಿಸಿ, ತಾರೀಖನ್ನು ಮುಚ್ಚಳದ ಒಳಗೆ ಬರೆದಿಡಿ. ತೆಗೆದ ಸೆಲ್ ಎಸೆಯಬೇಡಿ, ಗೋಡೆ ಗಡಿಯಾರಕ್ಕೆ ಇನ್ನೂ ಬಹಳ ದಿನ ಬರುತ್ತವೆ.