ಗುಂಡಿನ ಹಿಂದೆ ಎಷ್ಟು ಜಾಗ ಉಳಿಯಿತು? ಪಿಸ್ತೂಲಿನ ಕಾಡತೂಸು ತುಂಬುವವರಿಗೆ ಆರು ಸೂತ್ರಗಳು

ಅಮೆರಿಕದಲ್ಲಿ ಶೂಟಿಂಗ್ ಸ್ಪರ್ಧೆಗಿಳಿಯುವ ಅನೇಕರು ಕಾಡತೂಸುಗಳನ್ನು ಮನೆಯಲ್ಲೇ ತುಂಬಿಕೊಳ್ಳುತ್ತಾರೆ. ಅಲ್ಲಿ ನೆಲೆಸಿ ಈ ಹವ್ಯಾಸ ಹಿಡಿದ ಕನ್ನಡಿಗರಿಗಾಗಿ ಈ ಮಾತುಗಳು. ಭಾರತದಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ.

1. ಹೊರಗಿನ ಉದ್ದವನ್ನಷ್ಟೇ ನಂಬಬೇಡಿ. 9 ಎಂಎಂ ಲೂಗರ್ ಕಾಡತೂಸಿನ ಒಟ್ಟು ಉದ್ದ 1.169 ಇಂಚು ಮೀರಬಾರದು. ಅದು ಎಲ್ಲರಿಗೂ ಗೊತ್ತು. ಒತ್ತಡವನ್ನು ನಿರ್ಧರಿಸುವುದು ಗುಂಡು ಕೇಸಿನೊಳಗೆ ಎಷ್ಟು ಇಳಿದಿದೆ ಎಂಬುದು. ಲೆಕ್ಕ ಸುಲಭ: ಕೇಸಿನ ಉದ್ದಕ್ಕೆ ಗುಂಡಿನ ಉದ್ದ ಕೂಡಿಸಿ, ಒಟ್ಟು ಉದ್ದ ಕಳೆಯಿರಿ. ಕೇಸು 0.754, ಗುಂಡು 0.600, ಒಟ್ಟು 1.150 ಇಂಚಾದರೆ ಗುಂಡು ಇಳಿದಿರುವುದು 0.204 ಇಂಚು. ಒಟ್ಟು ಉದ್ದ ಬದಲಿಸದೆ 0.650 ಇಂಚಿನ ಗುಂಡು ಕೂರಿಸಿ ನೋಡಿ, ಅದು 0.254ಕ್ಕೆ ಇಳಿಯುತ್ತದೆ. ಮದ್ದು ಉರಿಯಲು ಇರುವ ಜಾಗ ಅಷ್ಟು ಕಿರಿದಾಯಿತು.

2. ತೂಕ ಒಂದೇ ಇದ್ದ ಮಾತ್ರಕ್ಕೆ ಮದ್ದಿನ ಅಳತೆಯೂ ಒಂದೇ ಅಲ್ಲ. ತಾಮ್ರ ಸೀಸಕ್ಕಿಂತ ಹಗುರ. ಹಾಗಾಗಿ ಪೂರ್ತಿ ತಾಮ್ರದ ಗುಂಡು ಅದೇ ತೂಕಕ್ಕೆ ಹೆಚ್ಚು ಉದ್ದವಿರುತ್ತದೆ. ಹಾಲೋ ಪಾಯಿಂಟ್‌ನ ಮೂತಿ ಮೊಂಡು, ಅದನ್ನು ಸಾಮಾನ್ಯವಾಗಿ ಹೆಚ್ಚು ಆಳಕ್ಕೆ ಕೂರಿಸಬೇಕಾಗುತ್ತದೆ. ಮೆತು ಸೀಸ ಬ್ಯಾರೆಲ್‌ನಲ್ಲಿ ಜಾರುವ ರೀತಿಯೇ ಬೇರೆ. ಕೈಪಿಡಿಯಲ್ಲಿ ನಿಮ್ಮದೇ ಗುಂಡಿನ ಪುಟ ಹುಡುಕಿ, ಪಕ್ಕದ ಪುಟದಿಂದ ಅಂಕಿ ಎತ್ತಬೇಡಿ.

3. ಕೂದಲೆಳೆಯ ವ್ಯತ್ಯಾಸಕ್ಕೂ ಹೆದರಿ. ಗುಂಡು ತಯಾರಿಸುವ ಸ್ಪಿಯರ್ ಕಂಪನಿಯ ಪರೀಕ್ಷೆಯಲ್ಲಿ 9 ಎಂಎಂ ಗುಂಡನ್ನು ಬರೀ 0.030 ಇಂಚು, ಅಂದರೆ ಮುಕ್ಕಾಲು ಮಿಲಿಮೀಟರ್, ಹೆಚ್ಚು ಇಳಿಸಿದಾಗ ಒತ್ತಡ ಎರಡು ಪಟ್ಟು ಮೀರಿತ್ತು. ಕೇಸು ಚಿಕ್ಕದಾದಷ್ಟೂ ಈ ಅಪಾಯ ಹೆಚ್ಚು. ಕ್ಯಾಲಿಪರ್ ಕೈಯಲ್ಲೇ ಇರಲಿ.

4. ನಿಮ್ಮ ಬ್ಯಾರೆಲ್ಲನ್ನೇ ಕೇಳಿ. ಮದ್ದು, ಪ್ರೈಮರ್ ಎರಡೂ ಇಲ್ಲದ ಡಮ್ಮಿ ಮಾಡಿ, ಕಳಚಿದ ಬ್ಯಾರೆಲ್‌ಗೆ ಬಿಡಿ. ‘ಟಕ್’ ಎಂದು ಕೂರಬೇಕು, ಬೆರಳಲ್ಲಿ ಸಲೀಸಾಗಿ ತಿರುಗಬೇಕು, ಬ್ಯಾರೆಲ್ ಮಗುಚಿದರೆ ತಾನೇ ಬೀಳಬೇಕು. ಸಿಕ್ಕಿಕೊಂಡರೆ ಗುಂಡಿನ ಭುಜ ಒಳಗಿನ ಗೀರುಗಳಿಗೆ ತಾಗುತ್ತಿರಬಹುದು. ಸಿಝಡ್ ಪಿಸ್ತೂಲುಗಳಲ್ಲಿ ಇದು ಮಾಮೂಲು. ಆಗ ಇನ್ನಷ್ಟು ಆಳಕ್ಕೆ ಕೂರಿಸಲೇಬೇಕು. ಅಲ್ಲೇ ಎಚ್ಚರ ಬೇಕು: ಹಳೆಯ ಮದ್ದಿನ ಅಳತೆ ಇನ್ನು ನಡೆಯದು. ಕೈಪಿಡಿಯ ಆರಂಭದ ಅಳತೆಗೆ ಮರಳಿ, ಅಲ್ಲಿಂದ ಹಂತ ಹಂತವಾಗಿ ಏರಿ.

5. .38 ಸ್ಪೆಷಲ್ ವಾಡ್‌ಕಟರ್ ಗುಂಡು ಕೇಸಿನ ಬಾಯಿಗೆ ಸಮನಾಗಿ ಪೂರ್ತಿ ಒಳಗಿಳಿಯುತ್ತದೆ. ಅದಕ್ಕೆಂದೇ ಕೊಟ್ಟ ಕಡಿಮೆ ಮದ್ದನ್ನು ಮೀರಬೇಡಿ.

6. ಕೂರಿಸಿದ ಗುಂಡು ಕೂತಲ್ಲೇ ಇರಲಿ. ಒಂದೇ ಕಾಡತೂಸನ್ನು ಪಿಸ್ತೂಲಿಗೆ ಮತ್ತೆ ಮತ್ತೆ ತುಂಬಿ ತೆಗೆದರೆ ಗುಂಡು ಹಿಂದಕ್ಕೆ ಸರಿಯುತ್ತದೆ. ತುಂಬುವ ಮುಂಚೆ ಅಳೆಯಿರಿ, ತೆಗೆದ ಮೇಲೂ ಅಳೆಯಿರಿ. ಗಿಡ್ಡವಾಗಿದ್ದರೆ ಅದನ್ನು ಹಾರಿಸಬೇಡಿ, ಬಿಚ್ಚಿಬಿಡಿ.